ಹೀರೋ ಯಾರಾಗ್ಬೇಕು ಅಂತ ಯಾರು ಡಿಸೈಡ್ ಮಾಡೋದು? ಹಾಲಿವುಡ್‌ನ ಲೀಡ್ ರೋಲು, ಮೈಬಣ್ಣ ಮತ್ತೆ ದುಡ್ಡಿನ ಲೆಕ್ಕ

ಇಂಗ್ಲಿಷ್ ಸೀರೀಸ್ ನೋಡೋರಿಗೆ ಸ್ಯಾಂಡ್ರಾ ಓ ಗೊತ್ತಿರ್ತಾರೆ. ಕೊರಿಯನ್ ಮೂಲದ ಕೆನಡಾದವರು, 'ಗ್ರೇಸ್ ಅನಾಟಮಿ'ಯಲ್ಲಿ ಹತ್ತು ಸೀಸನ್ ಡಾಕ್ಟರ್ ಪಾರ್ಟ್ ಮಾಡಿದೋರು, ಅದಕ್ಕೆ ಗೋಲ್ಡನ್ ಗ್ಲೋಬ್ ಕೂಡ ತಗೊಂಡೋರು. 2018ರಲ್ಲಿ ಬಂದ 'ಕಿಲ್ಲಿಂಗ್ ಈವ್' ಸೀರೀಸಿನ ಸ್ಕ್ರಿಪ್ಟ್ ಅವರಿಗೆ ಬಂದಾಗ ಏಜೆಂಟ್ ಜೊತೆ ಫೋನಲ್ಲಿ ಮಾತಾಡ್ತಾನೇ ಪೇಜ್ ಸರಿಸ್ತಾ ಸರಿಸ್ತಾ ಹೋದ್ರಂತೆ, ಇದರಲ್ಲಿ ನನ್ನ ಪಾರ್ಟ್ ಯಾವ್ದು ಅಂತ ಅವರಿಗೆ ಹೊಳೀಲೇ ಇಲ್ಲ. ರಿಸೆಪ್ಷನಿಸ್ಟಾ, ಇನ್ನೊಬ್ಬ ಡಾಕ್ಟರಾ? ಏಜೆಂಟ್ ಹೇಳ್ಬೇಕಾಯ್ತು, ಅಮ್ಮಾ ನಿನಗೆ ಬಂದಿರೋದು ಈವ್ ಪಾರ್ಟೇ ಅಂತ. ಟೈಟಲ್‌ನಲ್ಲೇ ಹೆಸರಿರೋ ಪಾತ್ರ! ಅಷ್ಟು ವರ್ಷ ಫೀಲ್ಡಲ್ಲಿ ಇದ್ದು, ಅಷ್ಟು ಹೆಸರು ಮಾಡಿದೋರಿಗೇನೇ ನಾನು ಲೀಡ್ ಆಗ್ಬಹುದು ಅನ್ನೋ ಯೋಚನೆ ತಲೆಗೆ ಬರ್ಲಿಲ್ಲ ಅಂತ ಆಮೇಲೆ ಅವರೇ ಇಂಟರ್‌ವ್ಯೂನಲ್ಲಿ ಹೇಳ್ಕೊಂಡ್ರು.

ಹಾಲಿವುಡ್ಡಲ್ಲಿ ಬಿಳಿಯರಲ್ಲದ ಜನ ಎಷ್ಟಿದಾರೆ ಅನ್ನೋ ಚರ್ಚೆ ಬಂದಾಗೆಲ್ಲ, ಅಯ್ಯೋ ಈಗ ಎಲ್ಲಾ ಫಿಲ್ಮಲ್ಲೂ ಒಬ್ಬ ಕಪ್ಪು ಆಫೀಸರ್ ಇರ್ತಾನೆ, ಒಬ್ಬ ಇಂಡಿಯನ್ ಡಾಕ್ಟರ್ ಇರ್ತಾನೆ, ಇನ್ನೇನು ಬೇಕು ಅಂತ ಕೇಳೋರು ಇದ್ದೇ ಇರ್ತಾರೆ. ಅದು ಸುಳ್ಳೇನಲ್ಲ. ಆದ್ರೆ ಫ್ರೇಮಲ್ಲಿ ಮುಖ ಕಾಣ್ಸೋದು ಬೇರೆ, ಇಡೀ ಕಥೆ ನಿಮ್ಮ ಹೆಗಲ ಮೇಲೆ ಕೂರೋದು ಬೇರೆ. ಲೀಡ್ ಅಂದ್ರೆ ಬರೀ ಜಾಸ್ತಿ ಸೀನ್ ಇರೋದಲ್ಲ. ಕ್ಯಾಮೆರಾ ಯಾರ ಹಿಂದೆ ಅವರ ಮನೆಗೆ ಹೋಗುತ್ತೆ, ಯಾರು ತಪ್ಪು ಮಾಡಿದ್ರೂ ನಮಗೆ ಅವರ ಮೇಲೆ ಕರುಣೆ ಬರುತ್ತೆ, ಪೋಸ್ಟರ್ ಮೇಲೆ ಯಾರ ಹೆಸರು ಮೊದಲು, ಮುಂದಿನ ಪ್ರಾಜೆಕ್ಟಿಗೆ ಯಾರ ಹೆಸರು ಹೇಳಿದ್ರೆ ಬಂಡವಾಳ ಬರುತ್ತೆ, ಇದೆಲ್ಲ ಸೇರಿ ಲೀಡ್.

ಈ ಗೆರೆ ಎಷ್ಟು ಜಾರುತ್ತೆ ಅನ್ನೋದಕ್ಕೆ 2021ರ ಆಸ್ಕರ್ ನೋಡಿ. 'ಜೂಡಾಸ್ ಅಂಡ್ ದ ಬ್ಲ್ಯಾಕ್ ಮೆಸ್ಸಾಯಾ' ಅಂತ ಒಂದು ಫಿಲ್ಮು, ಹೆಸರಲ್ಲೇ ಇಬ್ಬರು ಇದಾರೆ, ಒಬ್ಬ ಜೂಡಾಸ್, ಒಬ್ಬ ಮೆಸ್ಸಾಯಾ. ಆ ಎರಡೂ ಪಾರ್ಟ್ ಮಾಡಿದ ಲಾಕೀತ್ ಸ್ಟ್ಯಾನ್‌ಫೀಲ್ಡ್, ಡ್ಯಾನಿಯಲ್ ಕಲೂಯಾ ಇಬ್ಬರೂ ಕಪ್ಪು ನಟರು, ಇಬ್ಬರಿಗೂ ನಾಮಿನೇಷನ್ ಸಿಕ್ಕಿದ್ದು ಪೋಷಕ ನಟ ವಿಭಾಗದಲ್ಲಿ! ಕಲೂಯಾ ಗೆದ್ರು, ಸಂತೋಷ. ಆದ್ರೆ ಇಬ್ಬರೂ ಪೋಷಕ ನಟರಾದ್ರೆ ಆ ಫಿಲ್ಮಿನ ಹೀರೋ ಯಾರು ಸ್ವಾಮಿ? ಸ್ಟುಡಿಯೋದವರು ಸ್ಟ್ಯಾನ್‌ಫೀಲ್ಡ್‌ನ ಲೀಡ್ ಅಂತಾನೇ ಪ್ರಚಾರ ಮಾಡಿದ್ರು, ವೋಟ್ ಹಾಕೋರ ಕಣ್ಣಿಗೇ ಹಾಗೆ ಕಾಣ್ಲಿಲ್ಲ.

ಇದೆಲ್ಲ ಎಲ್ಲಿಂದ ಶುರುವಾಯ್ತು ಅಂತ ನೋಡೋಕೆ ನಮ್ಮ ಕಡೆಯ ಒಬ್ಬ ಹುಡುಗನ ಕಥೆಗಿಂತ ಒಳ್ಳೆ ಉದಾಹರಣೆ ನನಗಂತೂ ಸಿಕ್ಕಿಲ್ಲ. ಈಗ ಕಬಿನಿ ಸಫಾರಿಗೆ ಹೋಗೋರು ಇಳ್ಕೊಳೋ ಕಾರಾಪುರ ಇದೆಯಲ್ಲ, ಕಾಕನಕೋಟೆ ಕಾಡಿನ ಪಕ್ಕ, ಅಲ್ಲಿ 1924ರಲ್ಲಿ ಹುಟ್ಟಿದ ಸಾಬು. ಅಪ್ಪ ಮಾವುತ, ಹುಡುಗನೂ ಮೈಸೂರು ಮಹಾರಾಜರ ಆನೆ ಲಾಯದಲ್ಲೇ ಬೆಳೆದೋನು. 1930ರ ದಶಕದ ಮಧ್ಯದಲ್ಲಿ ರಾಬರ್ಟ್ ಫ್ಲಾಹರ್ಟಿ ಅನ್ನೋ ಡೈರೆಕ್ಟರ್ ಒಂದು ಆನೆ ಕಥೆ ತೆಗೆಯೋಕೆ ಅಂತ ಮೈಸೂರಿಗೆ ಬಂದಾಗ ಈ ಹುಡುಗ ಕಣ್ಣಿಗೆ ಬಿದ್ದ, 1937ರಲ್ಲಿ 'ಎಲಿಫೆಂಟ್ ಬಾಯ್' ಬಂತು, ಹದಿಮೂರು ವರ್ಷದ ಮಾವುತನ ಮಗ ರಾತ್ರೋರಾತ್ರಿ ಸ್ಟಾರ್ ಆದ. ಇಂಗ್ಲೆಂಡಿಗೆ ಹೋದ, ಅಲ್ಲಿಂದ ಅಮೆರಿಕ. ಅವತ್ತಿನ ಕಾಲಕ್ಕೆ ಪೋಸ್ಟರ್ ಮೇಲೆ ದಪ್ಪ ಅಕ್ಷರದಲ್ಲಿ ಹೆಸರು ಬರ್ತಿದ್ದ ಇಂಡಿಯನ್ ಹಾಲಿವುಡ್ಡಲ್ಲಿ ಈತ ಒಬ್ಬನೇ ಅಂದ್ರೂ ನಡೆಯುತ್ತೆ.

ಹಾಗಾದ್ರೆ ಪ್ರಾಬ್ಲಮ್ ಏನು, ಲೀಡ್ ರೋಲ್ ಸಿಕ್ತಲ್ಲ ಅಂತೀರಾ? ಯಾವ ಥರದ ಲೀಡ್ ಅಂತ ನೋಡ್ಬೇಕು. 1940ರ 'ದ ಥೀಫ್ ಆಫ್ ಬಾಗ್ದಾದ್' ತಗೊಳಿ. ಟೈಟಲ್‌ನಲ್ಲಿರೋ ಕಳ್ಳ ಸಾಬುನೇ. ಭೂತದ ಜೊತೆ ಜಗಳ ಆಡೋದು ಅವನು, ಹಾರೋ ಜಮಖಾನೆ ಮೇಲೆ ಬಂದು ಎಲ್ಲರನ್ನೂ ಕಾಪಾಡೋದೂ ಅವನು. ಆದ್ರೆ ರಾಜಕುಮಾರಿ ಸಿಗೋದು ಜಾನ್ ಜಸ್ಟಿನ್ ಅನ್ನೋ ಇಂಗ್ಲಿಷ್ ನಟನಿಗೆ, ಬಾಗ್ದಾದಿನ ರಾಜನ ಪಾರ್ಟ್ ಅವನದು. ರಾಜಕುಮಾರಿನೂ ಇಂಗ್ಲಿಷಿನವಳೇ, ಜೂನ್ ಡುಪ್ರೇ. ಸಾಬು ಆಗಿನ್ನೂ ಹುಡುಗ, ಸರಿ, ಒಪ್ಪೋಣ. ಆದ್ರೆ ದೊಡ್ಡವನಾದ್ಮೇಲೂ ಅದೇ ಕಥೆ. ಯೂನಿವರ್ಸಲ್ ಸ್ಟುಡಿಯೋಗೆ ಹೋದ್ಮೇಲೆ 'ಅರೇಬಿಯನ್ ನೈಟ್ಸ್', 'ಕೋಬ್ರಾ ವುಮನ್' ಥರದ ಬಣ್ಣದ ಚಿತ್ರಗಳಲ್ಲಿ ಹೀರೋ ಜಾನ್ ಹಾಲ್, ಹೀರೋಯಿನ್ ಮರಿಯಾ ಮಾಂಟೆಜ್, ಸಾಬು ಹೀರೋನ ಜೊತೆಗಾರ. ಮಧ್ಯದಲ್ಲಿ ಯುದ್ಧಕ್ಕೂ ಹೋಗಿ ಬಂದ, ಅಮೆರಿಕದ ಬಾಂಬರ್ ವಿಮಾನದ ಬಾಲದಲ್ಲಿ ಕೂತು ಗನ್ ಹೊಡೆಯೋ ಕೆಲಸ, ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಅನ್ನೋ ದೊಡ್ಡ ಪದಕನೂ ಬಂತು, 1944ರಲ್ಲಿ ಅಮೆರಿಕದ ಪ್ರಜೆನೂ ಆದ. ನಿಜ ಜೀವನದಲ್ಲಿ ವಾರ್ ಹೀರೋ, ಸ್ಕ್ರೀನ್ ಮೇಲೆ ಮಾತ್ರ ರುಮಾಲು, ಆನೆ, ಕಾಡು ಇದರಿಂದ ಆಚೆಗೆ ಬಿಡ್ಲಿಲ್ಲ. 1963ರಲ್ಲಿ ತೀರ್ಕೊಂಡಾಗ ಅವನಿಗೆ 39.

ಸಾಬು ಮಾಡಿದ ಇನ್ನೊಂದು ಫಿಲ್ಮು 1947ರ 'ಬ್ಲ್ಯಾಕ್ ನಾರ್ಸಿಸಸ್'. ಅದರಲ್ಲಿ ಅವನಿಗೆ ಒಂದು ಪ್ರೇಮದ ಎಳೆ ಇದೆ, ಕಾಂಚಿ ಅನ್ನೋ ಹಿಮಾಲಯದ ಹುಡುಗಿ ಜೊತೆ. ಕಾಂಚಿ ಪಾರ್ಟ್ ಮಾಡಿದ್ದು ಯಾರು? ಜೀನ್ ಸಿಮನ್ಸ್, ಲಂಡನ್ನಿನ ಹುಡುಗಿ, ಮೈಗೆಲ್ಲ ಕಂದು ಬಣ್ಣ ಬಳ್ಕೊಂಡು ಮೂಗಿಗೆ ಆಭರಣ ಹಾಕ್ಕೊಂಡು ಕುಣೀತಾಳೆ. ಅದೂ ಸಾಕಷ್ಟು ದೊಡ್ಡ ಫಿಲ್ಮು, ಈಗ್ಲೂ ಕ್ಯಾಮೆರಾ ಕೆಲಸಕ್ಕೆ ಪಾಠ ಅನ್ನೋ ಥರ ತೋರಿಸ್ತಾರೆ, ಅದರ ಬಗ್ಗೆ ನನಗೇನೂ ತಕರಾರಿಲ್ಲ, ಆದ್ರೆ ಆ ಒಂದು ಫ್ರೇಮಲ್ಲಿ ಮೈಸೂರಿನ ಹುಡುಗ ಮತ್ತೆ ಬಣ್ಣ ಬಳ್ಕೊಂಡ ಲಂಡನ್ ಹುಡುಗಿ ಅಕ್ಕಪಕ್ಕ ನಿಂತಾಗ ಯಾರದು ಸ್ವಂತ ಬಣ್ಣ ಯಾರದು ಡಬ್ಬಿಯ ಬಣ್ಣ ಅಂತ ಚಿಕ್ಕ ಮಗುನೂ ಹೇಳುತ್ತೆ.

ಈಗ ರೂಲ್ಸಿಗೆ ಬರೋಣ. ಬರೀ ಜನರ ಮನಸ್ಥಿತಿ ಅಂದ್ಕೊಂಡ್ರೆ ಅರ್ಧ ಕಥೆ ಅಷ್ಟೇ, ಬರೆದಿಟ್ಟ ನಿಯಮನೇ ಇತ್ತು. ಹಾಲಿವುಡ್ ಸ್ಟುಡಿಯೋಗಳು ತಮಗೆ ತಾವೇ ಹಾಕ್ಕೊಂಡಿದ್ದ ಪ್ರೊಡಕ್ಷನ್ ಕೋಡ್, ಜನ ಹೇಸ್ ಕೋಡ್ ಅಂತಾರೆ, 1930ರಲ್ಲಿ ಬರೆದದ್ದು, 1934ರಿಂದ ಬಿಗಿಯಾಗಿ ಜಾರಿಗೆ ಬಂದದ್ದು. ಅದರಲ್ಲಿ ಬಿಳಿ ಮತ್ತೆ ಕಪ್ಪು ಜನಾಂಗದ ನಡುವೆ ಪ್ರೇಮ, ದೇಹಸಂಬಂಧ ತೋರಿಸೋ ಹಾಗಿಲ್ಲ ಅಂತ ನೇರವಾಗಿ ಬರೆದಿತ್ತು. ಕಾಗದದ ಮೇಲೆ ಬಿಳಿ ಕಪ್ಪು ಅಂತಷ್ಟೇ ಇದ್ರೂ ಸ್ಟುಡಿಯೋದವರು ಏಷ್ಯನ್ನರಿಗೂ ಅದನ್ನೇ ಹಚ್ಚಿದ್ರು. ಆ ಕಾಲಕ್ಕೆ ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಅಂಥ ಮದುವೆನೇ ಕಾನೂನುಬಾಹಿರ, ಸುಪ್ರೀಂ ಕೋರ್ಟ್ ಅದನ್ನ ತೆಗೆದುಹಾಕಿದ್ದು 1967ರಲ್ಲಿ.

ಇದು ಲೀಡ್ ರೋಲಿಗೆ ಹೇಗೆ ಕತ್ತರಿ ಹಾಕುತ್ತೆ ಅಂತ ಸ್ವಲ್ಪ ಯೋಚ್ನೆ ಮಾಡಿ. ಹೆಚ್ಚುಕಮ್ಮಿ ಎಲ್ಲಾ ಫಿಲ್ಮಲ್ಲೂ ಹೀರೋ ಹೀರೋಯಿನ್ ಪ್ರೀತಿ ಇರ್ಲೇಬೇಕು. ಸ್ಟಾರ್‌ಗಳೆಲ್ಲ ಬಿಳಿಯರು. ಹೀರೋ ಬಿಳಿಯ ಆದ್ರೆ ಹೀರೋಯಿನ್ ಬಿಳಿಯಳೇ ಆಗ್ಬೇಕು. ಅಲ್ಲಿಗೆ ಮುಗೀತು.

ಆನಾ ಮೇ ವಾಂಗ್‌ಗೆ ಆಗಿದ್ದು ಇದೇ. 1905ರಲ್ಲಿ ಲಾಸ್ ಏಂಜಲಿಸ್‌ನಲ್ಲೇ ಹುಟ್ಟಿದ ಚೀನೀ ಮೂಲದ ಹುಡುಗಿ, ಮೂಕಿ ಕಾಲದಿಂದಲೇ ಹೆಸರು ಮಾಡಿದ್ದವಳು. ಚೀನಾದ ರೈತ ಕುಟುಂಬದ ಕಥೆ 'ದ ಗುಡ್ ಅರ್ಥ್' ಫಿಲ್ಮ್ ಆಗುತ್ತೆ ಅಂದಾಗ ಇಡೀ ಅಮೆರಿಕದಲ್ಲಿ ಆ ರೈತನ ಹೆಂಡತಿ ಪಾರ್ಟಿಗೆ ಇವಳಿಗಿಂತ ಇನ್ಯಾರು ಅಂತ ಅಂದ್ಕೊಳೋ ಹಾಗಿತ್ತು. ಆದ್ರೆ ರೈತನ ಪಾರ್ಟಿಗೆ ಪಾಲ್ ಮ್ಯೂನಿ ಅನ್ನೋ ಬಿಳಿಯ ಸ್ಟಾರನ್ನ ಮೊದಲೇ ಹಾಕ್ಕೊಂಡಿದ್ರು. ಚೀನೀ ಮೇಕಪ್ ಮಾಡ್ಕೊಂಡ ಬಿಳಿಯನಿಗೆ ನಿಜವಾದ ಚೀನೀ ಮೂಲದ ಹೆಂಡತಿ ಇರೋ ಹಾಗಿಲ್ಲ, ಹಾಗಾಗಿ ಹೆಂಡತಿಗೂ ಮೇಕಪ್ ಬಿಳಿಯಳೇ ಬೇಕು! ಆ ಪಾರ್ಟ್ ಹೋಗಿದ್ದು ಲೂಯಿಸ್ ರೈನರ್‌ಗೆ, 1937ರ ಆ ಫಿಲ್ಮಿಗೆ ಆಕೆಗೆ ಆಸ್ಕರ್ ಕೂಡ ಬಂತು. ವಾಂಗ್‌ಗೆ ಕೊಡ್ತೀವಿ ಅಂದಿದ್ದು ಸಂಸಾರ ಒಡೆಯೋ ಎರಡನೇ ಹೆಂಗಸು ಲೋಟಸ್ ಪಾರ್ಟು. ಇಡೀ ಫಿಲ್ಮಲ್ಲಿ ಕೆಟ್ಟ ಪಾರ್ಟ್ ಒಂದನ್ನೇ ಚೀನೀ ರಕ್ತದವಳಿಗೆ ಕೊಡ್ತೀರಾ ಅಂತ ಆಕೆ ಒಪ್ಪಲಿಲ್ಲ. ಒಳ್ಳೆ ಕೆಲಸ ಮಾಡಿದ್ಲು. ಮಜಾ ಅಂದ್ರೆ ಅದೇ ಫಿಲ್ಮಲ್ಲಿ ಆ ದಂಪತಿಯ ದೊಡ್ಡ ಮಗನ ಪಾರ್ಟ್ ಮಾಡಿದ್ದು ಕೀ ಲೂಕ್, ಚೀನೀ ಮೂಲದ ನಟನೇ. ಮಗ ಅಸಲಿ, ಅಪ್ಪ ಅಮ್ಮ ಮೇಕಪ್ಪು.

ಕಪ್ಪು ನಟರ ಕಡೆ ನೋಡಿದ್ರೆ, ಹ್ಯಾಟಿ ಮೆಕ್‌ಡ್ಯಾನಿಯಲ್‌ಗೆ 1940ರಲ್ಲಿ ಆಸ್ಕರ್ ಬಂತು, 'ಗಾನ್ ವಿತ್ ದ ವಿಂಡ್'ನ ಕೆಲಸದಾಕೆ ಪಾರ್ಟಿಗೆ, ಪೋಷಕ ನಟಿ. ಸಮಾರಂಭ ನಡೆದ ಹೋಟೆಲ್ಲಿಗೆ ಕಪ್ಪು ಜನರನ್ನ ಬಿಡ್ತಾನೇ ಇರ್ಲಿಲ್ಲ, ಸ್ಪೆಷಲ್ ಪರ್ಮಿಷನ್ ತಗೊಂಡು ಒಳಗೆ ಕರ್ಕೊಂಡು ಬಂದು, ಮಿಕ್ಕ ಕಲಾವಿದರಿಂದ ದೂರ ಗೋಡೆ ಪಕ್ಕ ಒಂದು ಸಣ್ಣ ಟೇಬಲ್ ಹಾಕಿ ಕೂರಿಸಿದ್ರು. ಲೀಡ್ ನಟ ಅಂತ ಕಪ್ಪು ಮನುಷ್ಯನಿಗೆ ಆಸ್ಕರ್ ಬರೋಕೆ 1964 ಆಗ್ಬೇಕಾಯ್ತು, ಸಿಡ್ನಿ ಪಾಯ್ಟಿಯರ್‌ಗೆ. ಲೀಡ್ ನಟಿಗೆ 2002, ಹಾಲಿ ಬೆರ್ರಿ, ಅದಾದ್ಮೇಲೆ ಇಪ್ಪತ್ತು ವರ್ಷಕ್ಕೂ ಮೇಲೆ ಆ ಪಟ್ಟಿಯಲ್ಲಿ ಎರಡನೇ ಕಪ್ಪು ಹೆಣ್ಣುಮಗಳ ಹೆಸರು ಬರ್ಲಿಲ್ಲ. ಏಷ್ಯನ್ ಅಂತ ತನ್ನನ್ನ ತಾನು ಹೇಳ್ಕೊಂಡ ನಟಿಗೆ ಲೀಡ್ ಆಸ್ಕರ್ ಬಂದಿದ್ದು 2023ರಲ್ಲಿ, ಮಿಷೆಲ್ ಯೋಗೆ. "ಹೇಳ್ಕೊಂಡ" ಅಂತ ಯಾಕೆ ಸೇರಿಸ್ದೆ ಅಂದ್ರೆ, ಬಾಂಬೆಯಲ್ಲಿ ಹುಟ್ಟಿದ ಮರ್ಲ್ ಒಬೆರಾನ್‌ಗೆ 1935ರ ಫಿಲ್ಮಿಗೇ ನಾಮಿನೇಷನ್ ಆಗಿತ್ತು, ಆದ್ರೆ ಆಕೆ ತಾಯಿ ಕಡೆಯ ಮೂಲ ಗೊತ್ತಾದ್ರೆ ಹೀರೋಯಿನ್ ಚಾನ್ಸೇ ಹೋಗುತ್ತೆ ಅಂತ ಜೀವನವಿಡೀ ನಾನು ಟಾಸ್ಮೇನಿಯಾದಲ್ಲಿ ಹುಟ್ಟಿದೋಳು ಅಂತಾನೇ ಹೇಳ್ಕೊಂಡು ಬದುಕಿದ್ಲು. ಬಣ್ಣ ಬಳ್ಕೊಂಡು ಏಷ್ಯನ್ ಆಗೋರಿಗೆ ಪ್ರಶಸ್ತಿ, ನಿಜವಾದ ಏಷ್ಯನ್ ಮೂಲದವಳಿಗೆ ಅದನ್ನ ಮುಚ್ಚಿಡೋ ಕರ್ಮ.

ಕೋಡ್ 1968ಕ್ಕೆ ಮುಗೀತು. ಆದ್ರೆ ಬಣ್ಣದ ಡಬ್ಬಿ ಖಾಲಿ ಆಗ್ಲಿಲ್ಲ. ಇದರ ಒಂದು ಸಾಕ್ಷಿ ನಮ್ಮ ಬೆಂಗಳೂರಿನ ಸುತ್ತಮುತ್ತಲೇ ಇದೆ. ಡೇವಿಡ್ ಲೀನ್ ತೆಗೆದ 'ಎ ಪ್ಯಾಸೇಜ್ ಟು ಇಂಡಿಯಾ' 1984ರಲ್ಲಿ ಬಂತು, ಶೂಟಿಂಗ್ ಬಹಳಷ್ಟು ಬೆಂಗಳೂರಲ್ಲೇ, ಕಥೆಯಲ್ಲಿ ಬರೋ ಆ ಗುಹೆ ಬೆಟ್ಟಕ್ಕೆ ಸಾವನದುರ್ಗ ಮತ್ತೆ ರಾಮದೇವರ ಬೆಟ್ಟ, 'ಶೋಲೆ' ಶೂಟಿಂಗ್ ಆದ ಜಾಗನೇ. ಡಾಕ್ಟರ್ ಅಜೀಜ್ ಪಾರ್ಟಿಗೆ ವಿಕ್ಟರ್ ಬ್ಯಾನರ್ಜಿನ ಹಾಕ್ಕೊಂಡ್ರು, ಚೆನ್ನಾಗಿ ಮಾಡಿದ್ರು ಕೂಡ. ಆದ್ರೆ ಪ್ರೊಫೆಸರ್ ಗೋಡ್ಬೋಲೆ ಅನ್ನೋ ಬ್ರಾಹ್ಮಣನ ಪಾರ್ಟಿಗೆ? ಅಲೆಕ್ ಗಿನ್ನೆಸ್! ಇಂಗ್ಲೆಂಡಿನ ದೊಡ್ಡ ನಟ, ಮುಖಕ್ಕೆ ಕಂದು ಬಣ್ಣ, ತಲೆಗೆ ಪೇಟ, ಹಣೆಗೆ ನಾಮ. ಸುತ್ತ ನೋಡಿದ್ರೆ ಇಡೀ ಊರು ತುಂಬ ಆ ಬಣ್ಣದ ಜನ, ನಾಟಕ ಆಡೋರಿಗೂ ಬರ ಇರ್ಲಿಲ್ಲ, ಆದ್ರೂ ಬಣ್ಣ ಬಳ್ಸಿದ್ರು. ಇದು ಯಾವುದೋ ದಡ್ಡ ಡೈರೆಕ್ಟರ್ ಮಾಡಿದ್ದಲ್ಲ ಅನ್ನೋದೇ ಇಲ್ಲಿ ವಿಷಯ. ತನ್ನ ಜೊತೆ ಮೊದಲಿಂದ ಕೆಲಸ ಮಾಡಿದ ನಟ, ಪೋಸ್ಟರಿಗೆ ಹೆಸರು, ಅಷ್ಟಿದ್ರೆ ಸಾಕು, ಮಿಕ್ಕಿದ್ದನ್ನ ಮೇಕಪ್ ನೋಡ್ಕೊಳುತ್ತೆ ಅನ್ನೋ ಧೈರ್ಯ.

ಮೇಕಪ್ಪಿನ ಮಾತು ಬಂದಿದ್ದಕ್ಕೆ ಇನ್ನೊಂದು. 1961ರ 'ವೆಸ್ಟ್ ಸೈಡ್ ಸ್ಟೋರಿ'ಯಲ್ಲಿ ಪ್ಯೂರ್ಟೊರಿಕೊ ಹುಡುಗಿ ಮರಿಯಾ ಆಗಿ ನಟಾಲಿ ವುಡ್, ಅವಳ ಅಣ್ಣ ಆಗಿ ಗ್ರೀಕ್ ಮೂಲದ ಜಾರ್ಜ್ ಚಕಿರಿಸ್. ನಿಜವಾಗ್ಲೂ ಪ್ಯೂರ್ಟೊರಿಕೊದಲ್ಲಿ ಹುಟ್ಟಿದ ರೀಟಾ ಮೊರೆನೊ ಸೈಡಲ್ಲಿ. ಸಾಲದ್ದಕ್ಕೆ ಆ ರೀಟಾ ಮೊರೆನೊಗೂ ಇನ್ನಷ್ಟು ಕಂದು ಬಣ್ಣ ಬಳ್ದಿದ್ರು, ಎಲ್ಲರೂ ಒಂದೇ ಶೇಡಲ್ಲಿ ಕಾಣ್ಬೇಕಂತೆ. ನನ್ನ ಜನ ಎಲ್ಲಾ ಬಣ್ಣದಲ್ಲೂ ಇದಾರೆ ಅಂತ ಆಕೆ ಹೇಳಿದ್ರೂ ಕೇಳ್ಲಿಲ್ಲ.

ಸರಿ, ಇವೆಲ್ಲ ಹಳೇ ಕಥೆ. ನಿಯಮ ಹೋಯ್ತು, ಬಣ್ಣ ಬಳ್ಕೊಳೋದು ಈಗ ನಾಚಿಕೆಗೇಡು ಅಂತ ಎಲ್ಲರಿಗೂ ಗೊತ್ತಾಯ್ತು. ಆಮೇಲೂ ಲೀಡ್ ರೋಲ್ ಯಾಕೆ ಅಷ್ಟು ನಿಧಾನ? ಇಲ್ಲೇ ಅಸಲಿ ಮೆಷೀನು ಇರೋದು, ಅದರ ಹೆಸರು ಮಾರ್ಕೆಟ್ಟು.

ಗಾಂಧಿನಗರದಲ್ಲಿ ಒಬ್ಬ ಹೀರೋ ಬಗ್ಗೆ "ಆಕ್ಟಿಂಗ್ ಚೆನ್ನಾಗಿದೆ, ಆದ್ರೆ ಮಾರ್ಕೆಟ್ ಇಲ್ಲ" ಅಂತಾರಲ್ಲ, ಅದೇ ಮಾತು ಅಲ್ಲಿ ಇನ್ನೂ ದೊಡ್ಡ ಸೂಟು ಬೂಟಲ್ಲಿ ಓಡಾಡುತ್ತೆ. ದೊಡ್ಡ ಬಜೆಟ್ಟಿನ ಫಿಲ್ಮಿಗೆ ದುಡ್ಡು ಒಂದೇ ಜೇಬಿಂದ ಬರಲ್ಲ. ಎಷ್ಟೋ ಸಲ ಒಂದು ಶಾಟ್ ತೆಗೆಯೋಕೂ ಮುಂಚೆ ಜರ್ಮನಿ, ಜಪಾನ್, ಲ್ಯಾಟಿನ್ ಅಮೆರಿಕ ಅಂತ ಒಂದೊಂದು ಕಡೆಯ ವಿತರಕರಿಗೆ ಹಕ್ಕು ಮುಂಚಿತವಾಗಿ ಮಾರ್ತಾರೆ, ಆ ಒಪ್ಪಂದ ತೋರಿಸಿ ಬ್ಯಾಂಕಲ್ಲಿ ಸಾಲ ಎತ್ತುತಾರೆ. ಆಗ ಆ ವಿತರಕ ಕೇಳೋ ಮೊದಲ ಪ್ರಶ್ನೆ, ಹೀರೋ ಯಾರು? ಆ ಹೀರೋ ಹೋದ ಸಲ ನನ್ನ ದೇಶದಲ್ಲಿ ಎಷ್ಟು ದುಡ್ಡು ಮಾಡಿದ್ದ? ಈ ಪ್ರಶ್ನೆಗೆ ಉತ್ತರ ಕೊಡೋಕೆ ಆತ ಮೊದಲೇ ಒಂದು ದೊಡ್ಡ ಫಿಲ್ಮಲ್ಲಿ ಹೀರೋ ಆಗಿರ್ಬೇಕು. ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ, ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಅಷ್ಟೇ ಕಥೆ.

ಇದನ್ನ ಬಾಯಿಬಿಟ್ಟು ಹೇಳೋರು ಕಮ್ಮಿ, ಡೈರೆಕ್ಟರ್ ರಿಡ್ಲಿ ಸ್ಕಾಟ್ ಹೇಳಿಬಿಟ್ರು. 2014ರ 'ಎಕ್ಸೋಡಸ್' ಫಿಲ್ಮಲ್ಲಿ ಮೋಸೆಸ್ ಆಗಿ ಕ್ರಿಶ್ಚಿಯನ್ ಬೇಲ್, ಈಜಿಪ್ಟಿನ ರಾಜ ಫೆರೋ ಆಗಿ ಆಸ್ಟ್ರೇಲಿಯಾದ ಜೋಯೆಲ್ ಎಡ್ಗರ್ಟನ್. ಈಜಿಪ್ಟಿನ ಕಥೆಗೆ ಇವರಾ ಅಂತ ಕೇಳಿದ್ದಕ್ಕೆ, ಇಷ್ಟು ಬಜೆಟ್ ಹಾಕಿ ನನ್ನ ಹೀರೋ ಎಲ್ಲಿಂದಲೋ ಬಂದ ಯಾರೋ ಮೊಹಮ್ಮದ್ ಅಂದ್ರೆ ದುಡ್ಡು ಹುಟ್ಟಲ್ಲ ಅನ್ನೋ ಅರ್ಥದ ಮಾತು ಹೇಳಿದ್ರು. ಜನ ಬೈದ್ರು. ಬೈಯೋ ಮಾತೇ, ಆದ್ರೆ ನನಗೆ ಅನ್ಸೋದು ಆ ಮನುಷ್ಯ ಉಳಿದೋರು ಮೀಟಿಂಗ್ ರೂಮಲ್ಲಿ ಹೇಳೋದನ್ನ ಪೇಪರಿಗೆ ಹೇಳಿದ, ಅಷ್ಟೇ ವ್ಯತ್ಯಾಸ. ಅದೇ ವರ್ಷ ಸೋನಿ ಕಂಪನಿ ಹ್ಯಾಕ್ ಆಗಿ ಈಮೇಲ್ ಎಲ್ಲ ಹೊರಗೆ ಬಂತಲ್ಲ, ಅದರಲ್ಲಿ ಒಬ್ಬ ನಿರ್ಮಾಪಕ, ಕಪ್ಪು ಹೀರೋ ಇರೋ ಫಿಲ್ಮು ಹೊರದೇಶದಲ್ಲಿ ಸಾಮಾನ್ಯವಾಗಿ ಓಡಲ್ಲ ಅಂತ ಡೆನ್ಜೆಲ್ ವಾಷಿಂಗ್ಟನ್ ಹೀರೋ ಆಗಿದ್ದ 'ದ ಈಕ್ವಲೈಸರ್' ಉದಾಹರಣೆ ಕೊಟ್ಟು ಬರೆದಿದ್ದ. ಡೆನ್ಜೆಲ್ ವಾಷಿಂಗ್ಟನ್! ಎರಡು ಆಸ್ಕರ್ ಮನೇಲಿ ಇಟ್ಕೊಂಡಿರೋ ಮನುಷ್ಯನಿಗೇ ಹೀಗಂದ್ರೆ ಹೊಸಬರ ಪಾಡೇನು? ಆ ಫಿಲ್ಮು ಆಮೇಲೆ ಇನ್ನೆರಡು ಭಾಗ ಬರೋ ಅಷ್ಟು ಓಡ್ತು ಅನ್ನೋದು ಬೇರೆ ಮಾತು.

ನಂಬಿಕೆ ಸುಳ್ಳು ಅಂತ ತೋರಿಸೋ ಲೆಕ್ಕನೂ ಇದೆ. 2018ರಲ್ಲಿ ಕಪ್ಪು ಹೀರೋ ಇರೋ 'ಬ್ಲ್ಯಾಕ್ ಪ್ಯಾಂಥರ್' ಪ್ರಪಂಚದಲ್ಲೆಲ್ಲ ಸೇರಿ 130 ಕೋಟಿ ಡಾಲರ್ ಮೇಲೆ ಬಾಚ್ತು. ಅದೇ ವರ್ಷ 'ಕ್ರೇಜಿ ರಿಚ್ ಏಷ್ಯನ್ಸ್' 3 ಕೋಟಿ ಡಾಲರ್ ಹಾಕಿ ಮಾಡಿದ್ದು, ಸುಮಾರು 24 ಕೋಟಿ ಡಾಲರ್ ತಂತು. ಈ ಎರಡನೇದರ ಹಿಂದಿನ ಕಥೆ ಕೇಳ್ಬೇಕು ನೀವು: ಮೂಲ ಕಾದಂಬರಿ ಬರೆದ ಕೆವಿನ್ ಕ್ವಾನ್ ಹತ್ರ ಒಬ್ಬ ನಿರ್ಮಾಪಕ ಬಂದು, ಹಕ್ಕು ಕೊಡಿ, ಆದ್ರೆ ಹೀರೋಯಿನ್‌ನ ಬಿಳಿ ಹುಡುಗಿ ಮಾಡೋಣ ಅಂದಿದ್ನಂತೆ. ಸಿಂಗಪುರದ ಚೀನೀ ಶ್ರೀಮಂತರ ಕಥೆ, ಹೆಸರಲ್ಲೇ ಏಷ್ಯನ್ಸ್ ಅಂತಿದೆ, ಅದಕ್ಕೂ ಬಿಳಿ ಹೀರೋಯಿನ್ ಬೇಕಂತೆ ಈ ಪುಣ್ಯಾತ್ಮನಿಗೆ. ಅದಕ್ಕೂ ಮೊದಲು ಈ ಕಾಲದ ಕಥೆ ಇಟ್ಕೊಂಡು ಹೆಚ್ಚಿನ ಪಾತ್ರಗಳೆಲ್ಲ ಏಷ್ಯನ್ ಮೂಲದವರೇ ಇರೋ ದೊಡ್ಡ ಸ್ಟುಡಿಯೋ ಫಿಲ್ಮು ಬಂದಿದ್ದು 1993ರಲ್ಲಿ, 'ದ ಜಾಯ್ ಲಕ್ ಕ್ಲಬ್'. ಇಪ್ಪತ್ತೈದು ವರ್ಷ. ಒಂದು ಬಿಳಿ ಹೀರೋನ ಫಿಲ್ಮು ಸೋತ್ರೆ ಆ ಫಿಲ್ಮ್ ಸೋತಂಗೆ, ಇವರದು ಒಂದು ಸೋತ್ರೆ ಇಡೀ ಜನಾಂಗನೇ ಓಡಲ್ಲ ಅಂತ ಫೈಲ್ ಕ್ಲೋಸ್ ಮಾಡ್ತಾರೆ, ಗೆದ್ರೆ ಮಾತ್ರ ಅದೊಂದು ಅಪವಾದ.

ಟಿವಿ ಕಡೆ ದುಡ್ಡಿನ ದಾರಿ ಬೇರೆ, ಫಲಿತಾಂಶ ಒಂದೇ. ಅಲ್ಲಿ ಟಿಕೆಟ್ ಇಲ್ಲ, ಜಾಹೀರಾತು. 1956ರಲ್ಲಿ ಕಪ್ಪು ಗಾಯಕ ನ್ಯಾಟ್ ಕಿಂಗ್ ಕೋಲ್‌ಗೆ ಎನ್‌ಬಿಸಿ ಒಂದು ಶೋ ಕೊಡ್ತು, ಜನಕ್ಕೆ ಹಾಡು ಇಷ್ಟ, ದೊಡ್ಡ ದೊಡ್ಡ ಸ್ಟಾರ್‌ಗಳು ಸ್ನೇಹಕ್ಕೆ ಅಂತ ಕಮ್ಮಿ ದುಡ್ಡಿಗೆ ಬಂದು ಹಾಡಿ ಹೋದ್ರು, ಆದ್ರೆ ದೇಶವ್ಯಾಪಿ ಸ್ಪಾನ್ಸರ್ ಅಂತ ಒಂದು ಕಂಪನಿನೂ ಮುಂದೆ ಬರ್ಲಿಲ್ಲ, ದಕ್ಷಿಣದ ರಾಜ್ಯಗಳಲ್ಲಿ ನಮ್ಮ ಸೋಪು ಯಾರೂ ಕೊಳ್ಳಲ್ಲ ಅನ್ನೋ ಥರದ ಭಯ. ಮುಂದಿನ ವರ್ಷವೇ ಮುಚ್ತು. 1968ರಲ್ಲಿ 'ಜೂಲಿಯಾ' ಬಂತು, ಡಯಾನ್ ಕ್ಯಾರಲ್ ನರ್ಸ್ ಪಾರ್ಟು, ಕಪ್ಪು ಹೆಣ್ಣುಮಗಳು ಕೆಲಸದಾಕೆ ಅಲ್ಲದ ಲೀಡ್ ರೋಲಲ್ಲಿ. ಆದ್ರೆ ನೆಟ್‌ವರ್ಕ್ ಅಂದ್ರೆ ದೇಶವ್ಯಾಪಿ ಚಾನೆಲ್‌ಗಳ ಡ್ರಾಮಾದಲ್ಲಿ 1974ರಲ್ಲಿ ಒಬ್ಬ ಕಪ್ಪು ನಾಯಕಿ ಬಂದು ಹೋದ್ಮೇಲೆ ಮುಂದಿನವರು ಬಂದಿದ್ದು ಯಾವಾಗ ಗೊತ್ತಾ, 2012ರಲ್ಲಿ, 'ಸ್ಕ್ಯಾಂಡಲ್'ನ ಕೆರ್ರಿ ವಾಷಿಂಗ್ಟನ್. ಅಷ್ಟೊತ್ತಿಗೆ ಒಬಾಮ ಪ್ರೆಸಿಡೆಂಟ್ ಆಗಿ ಮೂರು ವರ್ಷ ಆಗಿತ್ತು! ನಿಜವಾದ ವೈಟ್ ಹೌಸಿಗೆ ಕಪ್ಪು ಮನುಷ್ಯ ಹೋಗೋದು ಪ್ರೈಮ್ ಟೈಮ್ ಡ್ರಾಮಾಗೆ ಕಪ್ಪು ನಾಯಕಿ ವಾಪಸ್ ಬರೋದಕ್ಕಿಂತ ಬೇಗ ಆಯ್ತು.

ನಮ್ಮ ಕಡೆ ಮುಖಗಳಿಗೆ ಬಾಗಿಲು ತೆಗೆದಿದ್ದೂ ಇದೇ ಹೊತ್ತಲ್ಲಿ. 2012ರಲ್ಲಿ ಮಿಂಡಿ ಕೇಲಿಂಗ್ ತನ್ನ ಹೆಸರಿನ ಕಾಮಿಡಿ ತಾನೇ ಬರೆದು ತಾನೇ ಲೀಡ್ ಮಾಡಿದ್ರು, 2015ರಲ್ಲಿ 'ಕ್ವಾಂಟಿಕೊ'ಗೆ ಪ್ರಿಯಾಂಕಾ ಚೋಪ್ರಾ. 2020ರ 'ನೆವರ್ ಹ್ಯಾವ್ ಐ ಎವರ್'ಗೆ ಓಪನ್ ಕಾಸ್ಟಿಂಗ್ ಅಂತ ಕರೆ ಕೊಟ್ಟಾಗ 15,000 ಹುಡುಗೀರು ಅಪ್ಲೈ ಮಾಡಿದ್ರು, ಅದರಲ್ಲಿ ಆರಿಸಿದ್ದು ಕೆನಡಾದ ತಮಿಳು ಹುಡುಗಿ ಮೈತ್ರೇಯಿ ರಾಮಕೃಷ್ಣನ್‌ನ, ಅದಕ್ಕೂ ಮುಂಚೆ ಪ್ರೊಫೆಷನಲ್ ಆಗಿ ಆಕ್ಟ್ ಮಾಡಿದೋಳೇ ಅಲ್ಲ. ಆ ಬಣ್ಣದ ಒಳ್ಳೆ ಕಲಾವಿದರು ಸಿಗಲ್ಲ ಅನ್ನೋ ಸಬೂಬು ಆ ಹದಿನೈದು ಸಾವಿರ ಅಪ್ಲಿಕೇಶನ್ ಮುಂದೆ ನಿಲ್ಲಲ್ಲ. ಹುಡುಕಿದ್ರೆ ಸಿಗ್ತಾರೆ, ಹುಡುಕೋಕೆ ಸಂಬಳ ತಗೊಳೋರು ಹುಡುಕ್ಬೇಕು ಅಷ್ಟೇ.

ಇಲ್ಲಿ ಬೆಳಕಿನ ವಿಷಯ ಒಂದು ಹೇಳ್ಲೇಬೇಕು, ಯಾಕಂದ್ರೆ ಇದು ಯಾರ ತಲೆಗೂ ಬೇಗ ಹೋಗಲ್ಲ. ಕೊಡಾಕ್ ಕಂಪನಿ ಫೋಟೋ ಲ್ಯಾಬುಗಳಿಗೆ ಬಣ್ಣ ಸರಿ ಹೊಂದಿಸೋಕೆ ಅಂತ ಒಂದು ಕಾರ್ಡ್ ಕೊಡ್ತಿತ್ತು, ಶರ್ಲಿ ಕಾರ್ಡ್ ಅಂತಿದ್ರು, ಅದರ ಮೇಲೆ ಒಬ್ಬ ಬಿಳಿ ಹೆಂಗಸಿನ ಫೋಟೋ. ಆಕೆ ಮುಖ ಸರಿಯಾಗಿ ಬಂದ್ರೆ ಬಣ್ಣ ಸರಿ ಇದೆ ಅಂತ ಅರ್ಥ. ದಶಕಗಟ್ಟಲೆ ಇದೇ ಅಳತೆಗೋಲು. ಸಿನಿಮಾ ಸೆಟ್ಟಲ್ಲೂ ಹೀಗೇ, ಬೆಳಕು ಬಿಳಿ ಹೀರೋಗೆ ಅಂತ ಹೊಂದಿಸ್ತಾರೆ, ಪಕ್ಕದಲ್ಲಿ ನಿಂತ ಕಪ್ಪು ನಟ ಕತ್ತಲಲ್ಲಿ ಮುಳುಗಿಹೋಗ್ತಾನೆ, ಕಣ್ಣು ಹಲ್ಲು ಮಾತ್ರ ಕಾಣುತ್ತೆ, ಆಮೇಲೆ ಇವನ ಮುಖದಲ್ಲಿ ಭಾವನೆನೇ ಬರಲ್ಲ ಅಂತ ದೂರು ಬೇರೆ. ಕಪ್ಪು ಚರ್ಮಕ್ಕೆ ಬೆಳಕನ್ನ ನೇರವಾಗಿ ಮುಖಕ್ಕೆ ಹೊಡೆಯೋದಕ್ಕಿಂತ ಚರ್ಮದ ಮೇಲೆ ಪ್ರತಿಫಲಿಸೋ ಹಾಗೆ, ದೊಡ್ಡ ಬಿಳಿ ಹಾಳೆಗೆ ತಾಗಿಸಿ ಪಕ್ಕದಿಂದ ಬಿಟ್ರೆ ಮುಖದ ಒಂದೊಂದು ಗೆರೆನೂ ಎದ್ದು ಕಾಣುತ್ತೆ. ಗೊತ್ತಿಲ್ಲದ ವಿದ್ಯೆ ಅಲ್ಲ. ಲೀಡ್ ಯಾರು ಅಂತ ಬದಲಾದ್ರೆ ಮಾತ್ರ ಆ ಲೈಟು ಎತ್ತಿ ಆ ಕಡೆ ಇಡೋಕೆ ಸೆಟ್ಟಲ್ಲಿ ಟೈಮ್ ಸಿಗುತ್ತೆ.

ಇನ್ನು ಬಣ್ಣ ನೋಡ್ದೇ ಆರಿಸೋಣ ಅನ್ನೋ ವಾದ. ಚೆನ್ನಾಗಿ ಕೇಳ್ಸುತ್ತೆ, ಕೆಲವೊಮ್ಮೆ ಚೆನ್ನಾಗಿ ಕೆಲಸನೂ ಮಾಡುತ್ತೆ. 1968ರ 'ನೈಟ್ ಆಫ್ ದ ಲಿವಿಂಗ್ ಡೆಡ್' ಹೀರೋ ಪಾತ್ರಕ್ಕೆ ಸ್ಕ್ರಿಪ್ಟಲ್ಲಿ ಬಣ್ಣನೇ ಬರೆದಿರ್ಲಿಲ್ಲ, ಆಡಿಷನ್ ಚೆನ್ನಾಗಿ ಕೊಟ್ಟ ಅಂತ ಕಪ್ಪು ನಟ ಡ್ವೇನ್ ಜೋನ್ಸ್‌ನ ಹಾಕ್ಕೊಂಡ್ರು. ಆದ್ರೆ ಪರದೆ ಮೇಲೆ ಬಂದಾಗ ಆ ಕೊನೇ ಸೀನಲ್ಲಿ ರೈಫಲ್ ಹಿಡಿದ ಬಿಳಿಯರ ಗುಂಪು ಅವನನ್ನ ಗುಂಡು ಹೊಡೆದು ಕೊಂದಾಗ ಅವತ್ತಿನ ಅಮೆರಿಕದಲ್ಲಿ ನೋಡೋರಿಗೆ ಕಪ್ಪು ಜನರನ್ನ ಬಿಳಿಯರ ಗುಂಪುಗಳು ಕೊಲ್ತಿದ್ದದ್ದೇ ನೆನಪಾಯ್ತು. ಆರಿಸೋನು ಬಣ್ಣ ನೋಡ್ದೇ ಇರ್ಬಹುದು, ನೋಡೋನು ನೋಡ್ತಾನೆ. ಅದಕ್ಕೇ ನಾಟಕಕಾರ ಆಗಸ್ಟ್ ವಿಲ್ಸನ್ 1996ರಲ್ಲಿ ಈ ಪದ್ಧತಿನೇ ಬೇಡ ಅಂತ ಗುಡುಗಿದ್ದು, ಬಿಳಿಯರ ಕಥೆಗೆ ನಮ್ಮನ್ನ ತುಂಬ್ಕೋಬೇಡಿ, ನಮ್ಮ ಕಥೆಗೆ ನಮ್ಮ ರಂಗಭೂಮಿಗೆ ದುಡ್ಡು ಹಾಕಿ ಅನ್ನೋದು ಅವರ ವಾದ. ಪೂರ್ತಿ ಒಪ್ಪಲ್ಲ ನಾನು, ಆದ್ರೆ ಇನ್ನೂರು ವರ್ಷದ ಹಿಂದಿನ ಇಂಗ್ಲೆಂಡಿನ ಕಥೆ ಇರೋ 'ಬ್ರಿಜರ್ಟನ್' ಸೀರೀಸಿನ ಎರಡನೇ ಸೀಸನ್ ನೋಡಿದಾಗ ಆ ಮಾತು ನೆನಪಾಗೋದು ಹೌದು. ಸಿಮೋನ್ ಆಶ್ಲಿ ಲೀಡ್ ರೋಲಲ್ಲಿ, ಕಪ್ಪಗಿನ ಮೈಬಣ್ಣ, ತಮಿಳು ಮೂಲ, ಎಷ್ಟು ಚೆಂದ ಕಾಣ್ತಾರೆ, ಅರಿಶಿನ ಹಚ್ಚೋ ಶಾಸ್ತ್ರದ ಸೀನಂತೂ ಬಹಳ ಜನಕ್ಕೆ ಇಷ್ಟ ಆಯ್ತು. ಆದ್ರೆ ಮನೆತನ ಶರ್ಮಾ, ತಂದೆನ 'ಅಪ್ಪ' ಅಂತಾಳೆ, ತಂಗಿನ ಬಂಗಾಳಿಯಲ್ಲಿ 'ಬೋನ್' ಅಂತಾಳೆ, ತಂಗಿ ಅವಳನ್ನ 'ದೀದಿ' ಅಂತಾಳೆ. ಯಾವ ಊರಿನವರಪ್ಪಾ ಇವರು! ಮುಖ ಸಿಕ್ತು, ಊರು ಸಿಗ್ಲಿಲ್ಲ.

ಈಗಿನ ಲೆಕ್ಕ ಏನು? ಲಾಸ್ ಏಂಜಲಿಸ್‌ನ ಯುಸಿಎಲ್‌ಎ ಯೂನಿವರ್ಸಿಟಿ ಪ್ರತಿ ವರ್ಷ ಎಣಿಸಿ ವರದಿ ಹಾಕುತ್ತೆ. 2011ರ ದೊಡ್ಡ ಫಿಲ್ಮುಗಳಲ್ಲಿ ಬಿಳಿಯರಲ್ಲದ ಲೀಡ್ 10.5 ಪರ್ಸೆಂಟ್, 2019ಕ್ಕೆ 27.6. ಏರ್ತಾ ಹೋಯ್ತು ಅಂದ್ಕೊಳೋಷ್ಟರಲ್ಲಿ 2024ರ ಥಿಯೇಟರ್ ಫಿಲ್ಮುಗಳಲ್ಲಿ 25.2ಕ್ಕೆ ಇಳೀತು, ಅದರ ಹಿಂದಿನ ವರ್ಷ 29.2 ಇತ್ತು. ಅಮೆರಿಕದ ಜನಸಂಖ್ಯೆಯಲ್ಲಿ ಬಿಳಿಯರಲ್ಲದವರು ನೂರಕ್ಕೆ ನಲವತ್ತರ ಮೇಲಿದಾರೆ, ಅದರ ಪಕ್ಕ ಈ ನಂಬರ್ ಇಟ್ಟು ನೋಡಿ. ಅದೇ ವರದಿಗಳಲ್ಲಿ ವರ್ಷ ವರ್ಷಾನೂ ಬರೋ ಇನ್ನೊಂದು ಮಾತು, ತಾರಾಗಣದಲ್ಲಿ ಎಲ್ಲಾ ಥರದ ಜನ ಇರೋ ಫಿಲ್ಮುಗಳ ಕಲೆಕ್ಷನ್ನೇ ಚೆನ್ನಾಗಿರುತ್ತೆ ಅಂತ.

2015, 2016 ಎರಡೂ ವರ್ಷ ಆಸ್ಕರ್‌ನ ಇಪ್ಪತ್ತು ನಟನಾ ನಾಮಿನೇಷನ್ನಿನಲ್ಲಿ ಇಪ್ಪತ್ತೂ ಬಿಳಿಯರೇ ಆದಾಗ ದೊಡ್ಡ ಗಲಾಟೆ ಆಗಿ, ಅಕಾಡೆಮಿಯವರು ಹೊಸ ಸದಸ್ಯರನ್ನ ಸೇರಿಸ್ಕೊಂಡ್ರು, 2020ರಲ್ಲಿ ಅತ್ಯುತ್ತಮ ಚಿತ್ರಕ್ಕೆ ಅಂತ ನಿಯಮನೂ ತಂದ್ರು, 2024ರ ಸಮಾರಂಭದಿಂದ ಕಡ್ಡಾಯ. ಇನ್ಮೇಲೆ ಹೀರೋ ಕಪ್ಪಗಿಲ್ದಿದ್ರೆ ಪ್ರಶಸ್ತಿನೇ ಇಲ್ವಂತೆ ಅಂತ ವಾಟ್ಸಾಪಲ್ಲಿ ಓಡಾಡಿದ್ದು ಇದರ ಬಗ್ಗೆನೇ. ನಿಯಮ ಓದಿದ್ರೆ ಹಾಗೇನಿಲ್ಲ. ನಾಲ್ಕು ಮಾನದಂಡ ಇವೆ: ಪರದೆ ಮೇಲೆ ಕಾಣೋರು, ತೆರೆಹಿಂದಿನ ತಂತ್ರಜ್ಞರು, ಸಂಬಳ ಕೊಟ್ಟು ಕೊಡೋ ಟ್ರೇನಿಂಗು, ಪ್ರಚಾರ ವಿತರಣೆ ವಿಭಾಗದವರು. ನಾಲ್ಕರಲ್ಲಿ ಎರಡು ಮುಟ್ಟಿದ್ರೆ ಸಾಕು. ಇನ್ನು ಲೆಕ್ಕಕ್ಕೆ ಬರೋ ಗುಂಪಲ್ಲಿ ಹೆಂಗಸರು, ಅಂಗವಿಕಲರು ಎಲ್ಲರೂ ಸೇರ್ತಾರೆ. ಅಂದ್ರೆ ತೆರೆಹಿಂದಿನ ಇಡೀ ತಂಡದಲ್ಲಿ ನೂರಕ್ಕೆ ಮೂವತ್ತು ಹೆಂಗಸರಿದ್ದು, ಸ್ಟುಡಿಯೋದ ಟ್ರೇನಿಂಗ್ ಸ್ಕೀಮ್ ಒಂದು ಸರಿ ಇದ್ರೆ, ಮೊದಲ ಫ್ರೇಮಿಂದ ಕೊನೇ ಫ್ರೇಮ್ ತನಕ ಒಬ್ಬನೇ ಒಬ್ಬ ಬಿಳಿಯನಲ್ಲದ ಮನುಷ್ಯ ಕಾಣಿಸ್ಕೊಳ್ದೇನೂ ಆ ಫಿಲ್ಮು ಪಾಸ್. ಮತ್ತೆ ಹೀರೋ ಯಾರು ಅನ್ನೋದನ್ನ ಅಕಾಡೆಮಿ ಅಲ್ಲ, ಆ ಜರ್ಮನಿ ಜಪಾನಿನ ವಿತರಕರ ಜೊತೆ ಕೂತು ಮಾತಾಡೋರೇ ಈಗ್ಲೂ ತೀರ್ಮಾನ ಮಾಡೋದು.